ಚಿತ್ರದ ಕಾರ್ಡುಗಳಲ್ಲಿ ಬೆಂಗಳೂರಿನ ತೆಂಕಣ ಸೀಮೆ

ಬೆಂಗಳೂರಿನ ತೆಂಕಣ ದಿಕ್ಕಿನಲ್ಲಿ ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳು ಇಂದು ಹಬ್ಬಿಕೊಂಡಿರುವ ನೆಲವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೊಲ, ಕೆರೆ, ಬಂಡೆಗಳ ಹಳ್ಳಿಗಾಡಾಗಿತ್ತು. ಆ ಸೀಮೆಯ ರೂಪವನ್ನು ಕಣ್ಣಾರೆ ಕಾಣಬಯಸುವವರಿಗೆ ಉಳಿದಿರುವ ಸಾಧನಗಳಲ್ಲಿ ಚಿತ್ರದ ಕಾರ್ಡೂ ಒಂದು. ಶಾಸನಕ್ಕೂ ಕಡತಕ್ಕೂ ಸಲ್ಲುವ ಮರ್ಯಾದೆ ಚರಿತ್ರಕಾರರಿಂದ ಅದಕ್ಕೆ ಸಂದಿಲ್ಲ. ಅಂಗಡಿಯ ಸರಕೆಂಬ ತಾತ್ಸಾರವೇ ಇದಕ್ಕೆ ಕಾರಣವಾಗಿರಬೇಕು.

ಅಂಚೆಯ ಕಾರ್ಡು ಮೊದಲು ಹೊರಟುದು 1869ರಲ್ಲಿ, ಆಸ್ಟ್ರಿಯಾ ದೇಶದಲ್ಲಿ. ಭರತಖಂಡಕ್ಕೆ ಅದು ಬಂದುದು 1879ರಲ್ಲಿ, ಬೆಲೆ ಕಾಲಾಣೆ. ಚಿತ್ರದ ಕಾರ್ಡಿನ ಹುಚ್ಚು ಆ ಶತಮಾನದ ಕೊನೆಗೆ ಹಬ್ಬಿತು. ಮದರಾಸಿನ ವೀಲ್ ಮತ್ತು ಕ್ಲೈನ್ ಎಂಬ ಛಾಯಾಚಿತ್ರಗಾರರೂ, 1905ರಲ್ಲಿ ಬೆಂಗಳೂರಿನ ದಂಡಿನಲ್ಲಿ ಪುಸ್ತಕದಂಗಡಿಯನ್ನು ತೆರೆದ ಹಿಗ್ಗಿನ್‌ಬಾಥಮ್ ಸಂಸ್ಥೆಯವರೂ ದಕ್ಷಿಣದೇಶದ ಕಟ್ಟಡಗಳ ಕಾರ್ಡುಗಳನ್ನು ಮಾರಾಟಕ್ಕೆ ತಂದರು. ಆ ಕಾಲದ ಇಂತಹ ಕಾರ್ಡುಗಳಲ್ಲಿ ಅನೇಕವು ಜರ್ಮನಿಯಲ್ಲಿ ಅಚ್ಚಾದುವು. ಅಲ್ಲಿ ಕಪ್ಪುಬಿಳುಪಿನ ಚಿತ್ರಕ್ಕೆ ಬಣ್ಣವಿಟ್ಟವರು ನಮ್ಮ ಊರನ್ನು ಕಂಡವರಲ್ಲ. ಆದುದರಿಂದ ಆಕಾಶದ ನೀಲಿಯನ್ನೂ ಮಣ್ಣಿನ ಕೆಂಪನ್ನೂ ನಂಬಲಾಗದು, ರೇಖೆಯನ್ನು ನಂಬಬಹುದು.

ದೊಡ್ಡ ಬಸವಣ್ಣನ ಗುಡಿಯ ಕಾರ್ಡಿನ ಮೇಲೆ ಗುಡಿಯ ಹೆಸರು ಇಂಗ್ಲಿಷಿನಲ್ಲಿದೆ. ಅದು ನಿಂತಿರುವ ಸುಂಕೇನಹಳ್ಳಿಯ ಹೆಸರಿಲ್ಲ. ಕೊಳ್ಳುವವನಿಗೆ ಬೇಕಾದುದು ಸುಮಾರು ಹದಿನೈದು ಅಡಿ ಎತ್ತರದ ಏಕಶಿಲೆಯ ಬಸವ, ಹಳ್ಳಿಯಲ್ಲ. ಆದರೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ರೈತರಿಲ್ಲದೆ ಈ ಗುಡಿಯ ಕಥೆಯೇ ಇಲ್ಲ. ಬಸವನು ಹೊಲಕ್ಕೆ ನುಗ್ಗಿ ಬೆಳೆಯನ್ನು ಮೇಯುತ್ತಿದ್ದನೆಂದೂ, ಅವನನ್ನು ಒಲಿಸಿಕೊಳ್ಳಲು ಗುಡಿಯಾಯಿತೆಂದೂ ಐತಿಹ್ಯವುಂಟು. ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ ಅದರ ನೆನಪೇ. ಗುಡಿಯನ್ನು 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಹೇಳುವುದುಂಟು. ಕಡಲೆಕಾಯಿಯಾದರೋ ಅಮೆರಿಕಾ ಖಂಡದಿಂದ ಬಂದ ಬೆಳೆ. ಈ ಎರಡು ಮಾತುಗಳೂ ಒಂದೇ ಕಾಲಕ್ಕೆ ಹೇಗೆ ಸಲ್ಲುವುವೆಂಬ ಸಂಶಯ ಬೇರೆ. 1898ರ ಪ್ಲೇಗಿನ ತರುವಾಯ ಬಸವನಗುಡಿಯ ಬಡಾವಣೆ ಬೆಳೆದಂತೆ ಆ ಹೊಲಗಳು ಮನೆಗಳಾದುವು. ಹೀಗಿರಲು, ಹಳೆಯ ಕಾರ್ಡು ಕೈಗೆ ಬಂದಾಗ ಕಟ್ಟಡಕ್ಕಿಂತ ಮೊದಲು ನೋಡಬೇಕಾದುದು ಚಿತ್ರದ ಅಂಚನ್ನು. ಕಟ್ಟಡ ಇಂದಿಗೂ ಇದೆ, ಅಂಚು ಇಲ್ಲ.

ಕಾರ್ಡಿನ ಕಾಲವನ್ನು ಗೊತ್ತುಮಾಡುವುದು ಅಸಾಧ್ಯವೇನಲ್ಲ. ವಿಳಾಸದ ಮಗ್ಗುಲಲ್ಲಿ ಒಕ್ಕಣೆ ಬರೆಯಲು ಇಂಗ್ಲೆಂಡಿನಲ್ಲಿ ಅಪ್ಪಣೆಯಾದುದು 1902ರಲ್ಲಿ. ಅದಕ್ಕೆ ಹಿಂದೆ ಚಿತ್ರದ ಸುತ್ತಣ ಖಾಲಿ ಜಾಗದಲ್ಲಿಯೇ ಎರಡು ಮಾತು ಗೀಚಬೇಕಾಗಿತ್ತು. ಕಟ್ಟಡಗಳೂ ಸಾಕ್ಷಿ ನುಡಿಯುವುವು. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರವಾಯಿತು. 1935ರಲ್ಲಿ ಅದನ್ನು ವಿಸ್ತರಿಸಿದರು. ವಿಸ್ತರಣವಿಲ್ಲದ ಚಿತ್ರವು ಅದಕ್ಕೆ ಹಿಂದಿನದೇ ಸರಿ.

ಲಾಲ್‌ಬಾಗಿನ ಬಂಡೆಯ ಮೇಲಣ ಗೋಪುರದ ಕಾರ್ಡು ಇನ್ನೂ ಕುತೂಹಲಕರವಾದುದು. ಊರು ಬೆಳೆಯಬಹುದಾದ ಎಲ್ಲೆಗೆಂದು ನಾಲ್ಕು ಗೋಪುರಗಳನ್ನು ಎತ್ತಿಸಿದರೆಂದು ಪ್ರತೀತಿ, ಇದು ಅವುಗಳಲ್ಲೊಂದು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರವಾದುದು ಈ ಎಲ್ಲೆಯ ಆಚೆಯಲ್ಲಿ.

ಈ ಕಾರ್ಡುಗಳನ್ನು ಹೆಚ್ಚಾಗಿ ಕೊಂಡವರು ದಂಡಿನ ಆಂಗ್ಲೇಯರು. ಕಳುಹಿಸಿದುದು ತಮ್ಮ ನಾಡಿಗೆ. ಅಲ್ಲಿನ ಮನೆಗಳ ಆಲ್ಬಮ್ಮುಗಳಲ್ಲಿ ಅವು ಉಳಿದುವು. ಇಲ್ಲಿನ ಮನೆಗಳಲ್ಲಿಯಾದರೋ ಬಂದ ಕಾಗದವನ್ನು ತಂತಿಗೆ ಚುಚ್ಚಿಡುವುದು ವಾಡಿಕೆ. ತಂತಿ ತುಂಬಿದ ಮೇಲೆ ಅದು ಒಲೆಗೆ. ಇಂದು ಆ ಆಲ್ಬಮ್ಮುಗಳು ಹರಿದು, ಕಾರ್ಡುಗಳು ಬಿಡಿಬಿಡಿಯಾಗಿ ಹರಾಜಿಗೆ ಬರುತ್ತಿವೆ. ಕೊಳ್ಳುವವರು ಚಿತ್ರದ ಮಗ್ಗುಲನ್ನು ಮಾತ್ರ ಪ್ರತಿಮಾಡಿಕೊಳ್ಳುವರು. ಬರೆದವರ ಮಾತೂ ಅಂಚೆಯ ಮುದ್ರೆಯ ತಾರೀಖೂ ಇರುವುದು ಹಿಂಬದಿಯಲ್ಲಿ.