ತಕ್ಕಡಿ ಬದಲಾದ ದಶಕ

1996ರ ಕೊನೆಯಿಂದ 1997ರ ವಸಂತದವರೆಗೆ ಅಮೆರಿಕದ ರೇಡಿಯೊ ಕೇಂದ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬಂದದ್ದು ಕ್ಯಾಲಿಫೋರ್ನಿಯಾದ ನೋ ಡೌಟ್ ತಂಡದ ‘ಡೋಂಟ್ ಸ್ಪೀಕ್’. ರೇಡಿಯೊ ಪ್ರಸಾರದ ಪಟ್ಟಿಯಲ್ಲಿ ಅದು 16 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಆದರೆ ಆ ದೇಶದ ಜನಪ್ರಿಯತೆಗೆ ಕೊನೆಯ ಮಾತು ಎನಿಸಿಕೊಂಡಿದ್ದ ಬಿಲ್‌ಬೋರ್ಡ್ ಪತ್ರಿಕೆಯ ‘ಹಾಟ್ 100’ ಪಟ್ಟಿಯಲ್ಲಿ ಈ ಹಾಡು ಒಂದನೆಯದಾಗಿಯೂ ಇಲ್ಲ, ನೂರನೆಯದಾಗಿಯೂ ಇಲ್ಲ. ಕಾರಣ ಸರಳ. ಹಾಡನ್ನು ಅಂಗಡಿಯಲ್ಲಿ ಬಿಡಿಯಾಗಿ, ಅಂದರೆ ‘ಸಿಂಗಲ್’ ಆಗಿ ಮಾರಿರಲಿಲ್ಲ. ಮಾರದ ಹಾಡಿಗೆ ಪಟ್ಟಿಯಲ್ಲಿ ಜಾಗವಿಲ್ಲ ಎಂಬುದು ಆಗಿನ ನಿಯಮ.

ತೊಂಬತ್ತರ ದಶಕದ ಹಿಟ್‌ಗಳನ್ನು ನೆನೆಯಲು ಕುಳಿತವರು ಸಾಮಾನ್ಯವಾಗಿ ಅಭಿರುಚಿಯ ಇತಿಹಾಸ ಬರೆಯುತ್ತಾರೆ: ಮೊದಲು ಡಾನ್ಸ್ ಹಾಡುಗಳಿದ್ದವು, ಆಮೇಲೆ ಗ್ರಂಜ್ ಬಂತು, ರ್‍ಯಾಪ್ ಬೆಳೆಯಿತು, ಕೊನೆಗೆ ಹುಡುಗ ಹುಡುಗಿಯರ ಬ್ಯಾಂಡುಗಳು ಬಂದವು. ಸುಳ್ಳೇನಲ್ಲ. ಆದರೆ ಆ ಹತ್ತು ವರ್ಷಗಳಲ್ಲಿ ಕೇಳುಗರ ಕಿವಿಗಿಂತ ಹೆಚ್ಚು ಬದಲಾದದ್ದು ಎಣಿಸುವವರ ತಕ್ಕಡಿ. ಆ ದಶಕದ ಒಂದನೇ ನಂಬರಿನ ಹಾಡುಗಳಲ್ಲಿ ಅನೇಕವು ತಕ್ಕಡಿಯ ಮಕ್ಕಳು ಎಂದೇ ನನಗನ್ನಿಸುತ್ತದೆ.

ಹಾಟ್ 100 ಶುರುವಾದದ್ದು 1958ರ ಆಗಸ್ಟ್‌ನಲ್ಲಿ. ಮುಂದಿನ ಮೂವತ್ತು ಚಿಲ್ಲರೆ ವರ್ಷ ಅದು ನಡೆದದ್ದು ಮಾತಿನ ಮೇಲೆ. ಪತ್ರಿಕೆಯವರು ಆಯ್ದ ರೆಕಾರ್ಡು ಅಂಗಡಿಗಳಿಗೆ ಫೋನು ಮಾಡಿ ಈ ವಾರ ಯಾವುದು ಚೆನ್ನಾಗಿ ಹೋಯಿತು ಎಂದು ಕೇಳುವರು. ಗಲ್ಲೆಯ ಮೇಲೆ ಕುಳಿತವನು ತನಗೆ ತೋಚಿದ ಕ್ರಮದಲ್ಲಿ ಹೆಸರು ಹೇಳುವನು. ಎಷ್ಟು ಪ್ರತಿ ಮಾರಿದಿರಿ ಎಂಬ ಪ್ರಶ್ನೆಯೇ ಇಲ್ಲ. ರೇಡಿಯೊ ಕೇಂದ್ರಗಳೂ ಹಾಗೆಯೇ ತಮ್ಮ ಪಟ್ಟಿ ಕಳಿಸುತ್ತಿದ್ದವು. ಪಟ್ಟಿಯಲ್ಲಿದ್ದ ಹಾಡನ್ನು ನಿಜವಾಗಿ ನುಡಿಸಿದರೋ ಇಲ್ಲವೋ ನೋಡುವವರಿಲ್ಲ. ಕಂಪನಿಯ ಪ್ರತಿನಿಧಿ ಅಂಗಡಿಗೆ ಬಂದು ಒಂದಿಷ್ಟು ರೆಕಾರ್ಡು ಪುಕ್ಕಟೆ ಇಟ್ಟುಹೋದರೆ ಮಾಲೀಕನ ನೆನಪು ಆ ಕಡೆಗೆ ವಾಲುವುದು ಸಹಜವೇ. ಅಂಗಡಿಯವನ ಸ್ವಂತ ಒಲವೂ ಲೆಕ್ಕದೊಳಗೆ ನುಸುಳುತ್ತಿತ್ತು. ಲಾಂಗ್ ಹೇರ್ ರಾಕ್ ತಂಡದ ಹೆಸರು ನಾಲಿಗೆಯ ತುದಿಯಲ್ಲಿರುತ್ತಿತ್ತು. ಹಳ್ಳಿಗಾಡಿನ ಕಂಟ್ರಿ ಗಾಯಕನದು, ಕರಿಯ ಹುಡುಗರ ರ್‍ಯಾಪಿನದು ಇರುತ್ತಿರಲಿಲ್ಲ.

ನಕ್ಕು ಸುಮ್ಮನಾಗುವ ಹಕ್ಕು ನಮಗಿಲ್ಲ. 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಶುರುವಾಗಿ ಅಮೀನ್ ಸಯಾನಿಯವರ ದನಿಯಲ್ಲಿ ದೇಶವನ್ನೇ ಹಿಡಿದಿಟ್ಟ ಬಿನಾಕಾ ಗೀತ್‌ಮಾಲಾ ಕೂಡ ಅಂಗಡಿಗಳ ವರದಿ, ಶ್ರೋತೃ ಸಂಘಗಳ ಪತ್ರಗಳ ಮೇಲೆಯೇ ಹಾಡುಗಳಿಗೆ ಮೆಟ್ಟಿಲು ಹಂಚುತ್ತಿತ್ತು. ಕನ್ನಡದ ಹಾಡುಗಳಿಗಂತೂ ಅಷ್ಟು ಕಾಲ ಬಾಳಿದ ಪಟ್ಟಿಯೇ ಸಿಗಲಿಲ್ಲ. ಚಿತ್ರ ಎಷ್ಟು ದಿನ ಓಡಿತು, ಕ್ಯಾಸೆಟ್ ಅಂಗಡಿಯವನು ಏನಂದ, ಗಣೇಶನ ಪೆಂಡಾಲಿನಲ್ಲಿ ಯಾವುದು ಕೇಳಿತು: ಇವೇ ನಮ್ಮ ಪ್ರಮಾಣ.

ಅಮೆರಿಕದಲ್ಲಿ ಈ ಬಾಯಿಮಾತಿನ ವ್ಯವಹಾರಕ್ಕೆ ತೆರೆ ಎಳೆದದ್ದು ಬಾರ್‌ಕೋಡ್. ಮೈಕ್ ಶಾಲೆಟ್ ಮತ್ತು ಮೈಕ್ ಫೈನ್ ಕಟ್ಟಿದ ಸೌಂಡ್‌ಸ್ಕ್ಯಾನ್ ಎಂಬ ಸಂಸ್ಥೆ ಅಂಗಡಿಯ ಗಲ್ಲೆಯಲ್ಲಿ ಸ್ಕ್ಯಾನ್ ಆದ ಪ್ರತಿಯೊಂದು ಡಿಸ್ಕನ್ನೂ ಎಣಿಸತೊಡಗಿತು. ಬಿಲ್‌ಬೋರ್ಡ್ ತನ್ನ ಆಲ್ಬಂ ಪಟ್ಟಿಗೆ ಈ ಲೆಕ್ಕವನ್ನು ಒಪ್ಪಿಕೊಂಡದ್ದು 1991ರ ಮೇ 25ರ ಸಂಚಿಕೆಯಿಂದ. ಆ ಒಂದೇ ವಾರದಲ್ಲಿ ಕಂಟ್ರಿ ಆಲ್ಬಂಗಳು ದಂಡುದಂಡಾಗಿ ಮೇಲೆ ಬಂದವು. ಜನ ರಾತ್ರೋರಾತ್ರಿ ಕಂಟ್ರಿ ಸಂಗೀತಕ್ಕೆ ಮರುಳಾಗಲಿಲ್ಲ. ಅವರು ಮೊದಲಿನಿಂದ ಕೊಳ್ಳುತ್ತಲೇ ಇದ್ದರು, ಎಣಿಸಿದವರಿರಲಿಲ್ಲ. ಜೂನ್‌ನಲ್ಲಿ ರೇಡಿಯೊದವರು ಹತ್ತಿರವೂ ಸೇರಿಸದ ಎನ್.ಡಬ್ಲ್ಯೂ.ಎ. ಎಂಬ ರ್‍ಯಾಪ್ ತಂಡದ ಆಲ್ಬಂ ನೇರ ಎರಡನೆಯ ಸ್ಥಾನಕ್ಕೆ ಬಂದು ಕುಳಿತು, ಆಮೇಲೆ ಮೊದಲನೆಯದಕ್ಕೆ ಏರಿತು. ಸೆಪ್ಟೆಂಬರಿನಲ್ಲಿ ಗಾರ್ತ್ ಬ್ರೂಕ್ಸ್‌ನ ‘ರೋಪಿನ್ ದ ವಿಂಡ್’ ಬಿಡುಗಡೆಯಾದ ಕೂಡಲೇ ಒಂದನೇ ನಂಬರು. ಕಂಟ್ರಿ ಆಲ್ಬಂ ಒಂದಕ್ಕೆ ಅದೇ ಮೊದಲ ಸಲ. 1992ರ ಜನವರಿಯಲ್ಲಿ ನಿರ್ವಾಣಾ ತಂಡದ ‘ನೆವರ್‌ಮೈಂಡ್’ ಮೈಕೆಲ್ ಜಾಕ್ಸನ್‌ನ ‘ಡೇಂಜರಸ್’ ಅನ್ನು ಕೆಳಗಿಳಿಸಿತು. ಇದನ್ನು ಒಂದು ಪೀಳಿಗೆಯ ದಂಗೆ ಎಂದು ಬರೆದವರೇ ಬಹಳ. ದಂಗೆ ಇದ್ದಿರಬಹುದು. ಆದರೆ ಹಳೆಯ ಫೋನು ಲೆಕ್ಕದಲ್ಲಿ ಅದು ಇಷ್ಟು ಬೇಗ ಕಾಣಿಸುತ್ತಿತ್ತೇ ಎಂಬುದು ಅನುಮಾನ.

ಹಾಟ್ 100ಕ್ಕೆ ಹೊಸ ಲೆಕ್ಕ ಬಂದದ್ದು 1991ರ ನವೆಂಬರ್ 30ಕ್ಕೆ. ಇಲ್ಲಿ ಎರಡು ಯಂತ್ರ: ಮಾರಾಟಕ್ಕೆ ಸೌಂಡ್‌ಸ್ಕ್ಯಾನ್, ಪ್ರಸಾರಕ್ಕೆ ರೇಡಿಯೊ ಆಲಿಸಿ ಹಾಡಿನ ಗುರುತು ಹಿಡಿಯುವ ಬಿಡಿಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆ. ಹೊಸ ಲೆಕ್ಕದ ಮೊದಲ ಒಂದನೇ ನಂಬರು ಪಿ.ಎಂ. ಡಾನ್ ಎಂಬ ಇಬ್ಬರು ಸೋದರರ ಮೆತ್ತನೆಯ ರ್‍ಯಾಪ್, ‘ಸೆಟ್ ಅಡ್ರಿಫ್ಟ್ ಆನ್ ಮೆಮೊರಿ ಬ್ಲಿಸ್’. ಸ್ಪಾಂಡೌ ಬ್ಯಾಲೆಯ ಎಂಬತ್ತರ ದಶಕದ ಹಾಡೊಂದರ ತುಣುಕಿನ ಮೇಲೆ ಕಟ್ಟಿದ್ದು. ಇಂದು ಹೆಚ್ಚು ಮಂದಿಗೆ ನೆನಪಿಲ್ಲದ, ಆದರೆ ಚೆಲುವಾದ ಹಾಡು.

ಯಂತ್ರ ಎಣಿಸತೊಡಗಿದ ಮೇಲೆ ಯಾರೂ ನಿರೀಕ್ಷಿಸದ್ದೊಂದು ನಡೆಯಿತು. ಪಟ್ಟಿ ನಿಧಾನವಾಯಿತು. 1989ರಲ್ಲಿ ಮೂವತ್ತಕ್ಕೂ ಹೆಚ್ಚು ಹಾಡುಗಳು ಒಂದನೇ ನಂಬರು ಕಂಡಿದ್ದವು. ಒಂದೆರಡು ವಾರಕ್ಕೆ ಒಬ್ಬರಂತೆ ಗದ್ದುಗೆ ಏರಿ ಇಳಿದಿದ್ದರು. 1994ರಲ್ಲಿ ಹಿಂದಿನ ವರ್ಷದಿಂದ ಮುಂದುವರಿದದ್ದೂ ಸೇರಿ ಬರೀ ಹತ್ತು. ಅಂಗಡಿಯವನಿಗೆ ಹಳೆಯ ಹಾಡಿನ ಹೆಸರು ಹೇಳಿ ಬೇಜಾರಾಗುತ್ತಿತ್ತು, ಹೊಸದನ್ನು ಹೇಳುತ್ತಿದ್ದ. ಯಂತ್ರಕ್ಕೆ ಬೇಜಾರಿಲ್ಲ. ಜನ ಅದದೇ ಹಾಡನ್ನು ತಿಂಗಳುಗಟ್ಟಲೆ ಕೊಳ್ಳುತ್ತಾರೆ, ಕೇಳುತ್ತಾರೆ ಎಂಬ ಸತ್ಯ ಆಗ ಹೊರಬಿತ್ತು.

ಹಾಗಾಗಿ ದಾಖಲೆಗಳು ಒಂದರ ಮೇಲೊಂದು ಮುರಿದವು. 1956ರಲ್ಲಿ, ಹಾಟ್ 100ಕ್ಕೂ ಮೊದಲಿನ ಪಟ್ಟಿಯಲ್ಲಿ, ಎಲ್ವಿಸ್ ಪ್ರೆಸ್ಲಿಯ ಡಿಸ್ಕೊಂದು 11 ವಾರ ಅಗ್ರಸ್ಥಾನದಲ್ಲಿತ್ತು. ಮೂವತ್ತಾರು ವರ್ಷ ಯಾರೂ ಅದನ್ನು ದಾಟಿರಲಿಲ್ಲ. 1992ರಲ್ಲಿ ಬಾಯ್ಜ್ ಟು ಮೆನ್ ತಂಡದ ‘ಎಂಡ್ ಆಫ್ ದ ರೋಡ್’ 13 ವಾರ ನಿಂತಿತು. ಅದರ ಬೆನ್ನಿಗೇ ವಿಟ್ನಿ ಹ್ಯೂಸ್ಟನ್‌ಳ ‘ಐ ವಿಲ್ ಆಲ್ವೇಸ್ ಲವ್ ಯು’ 14 ವಾರ. ಡಾಲಿ ಪಾರ್ಟನ್ ಎಪ್ಪತ್ತರ ದಶಕದಲ್ಲಿ ಬರೆದು ಸಣ್ಣ ದನಿಯಲ್ಲಿ ಹಾಡಿದ್ದ ಗೀತೆಯನ್ನು ವಿಟ್ನಿ ಗೋಪುರದೆತ್ತರಕ್ಕೆ ಒಯ್ದಳು. 1994ರಲ್ಲಿ ಬಾಯ್ಜ್ ಟು ಮೆನ್ ಮತ್ತೆ 14 ವಾರ ಕುಳಿತು, ಕೊನೆಗೆ ತಮ್ಮದೇ ಇನ್ನೊಂದು ಹಾಡಿಗೆ ಜಾಗ ಬಿಟ್ಟುಕೊಟ್ಟರು. 1995ರ ಡಿಸೆಂಬರಿನಿಂದ ಮರಾಯಾ ಕ್ಯಾರಿ ಮತ್ತು ಬಾಯ್ಜ್ ಟು ಮೆನ್ ಕೂಡಿ ಹಾಡಿದ ‘ಒನ್ ಸ್ವೀಟ್ ಡೇ’ 16 ವಾರ ಆಳಿತು. ಆ ದಾಖಲೆಯನ್ನು 2017ರಲ್ಲಿ ‘ಡೆಸ್ಪಸಿಟೊ’ ಸರಿಗಟ್ಟಿತು. ಮುರಿದದ್ದು 2019ರಲ್ಲಿ, 19 ವಾರದ ‘ಓಲ್ಡ್ ಟೌನ್ ರೋಡ್’.

‘ಒನ್ ಸ್ವೀಟ್ ಡೇ’ ಅಗಲಿದವರ ನೆನಪಿನ ಹಾಡು, ಗಾಯನ ನಿರ್ದೋಷ. ಆದರೂ ದಶಕದ ಅತಿ ದೊಡ್ಡ ಹಿಟ್ ಎಂದು ಇದನ್ನು ಇಂದು ಯಾರಾದರೂ ಗುನುಗುವುದನ್ನು ನಾನು ಕೇಳಿಲ್ಲ. ಪಟ್ಟಿಯಲ್ಲೇ ಇಲ್ಲದ ‘ಡೋಂಟ್ ಸ್ಪೀಕ್’ ಅನ್ನು ಕೇಳಿದ್ದೇನೆ.

ಇಲ್ಲಿಗೆ ಸಿಂಗಲ್ಲಿನ ವಿಚಾರಕ್ಕೆ ಬರಬೇಕು. ದಶಕದ ಕುತಂತ್ರವೆಲ್ಲ ಇದರ ಸುತ್ತಲೇ ಇದೆ. ಒಂದು ಹಾಡು ಬೇಕಾದವನಿಗೆ ಒಂದೇ ಹಾಡು ಕೊಟ್ಟರೆ ಪೂರ್ತಿ ಸಿ.ಡಿ. ಯಾರು ಕೊಳ್ಳುತ್ತಾರೆ ಎಂಬುದು ಕಂಪನಿಗಳ ಲೆಕ್ಕಾಚಾರ. ಪಾಠ 1990ರಲ್ಲೇ ಸಿಕ್ಕಿತ್ತು. ಎಂ.ಸಿ. ಹ್ಯಾಮರ್‌ನ ‘ಯು ಕಾಂಟ್ ಟಚ್ ದಿಸ್’ ದೊಡ್ಡ 12 ಇಂಚಿನ ರೆಕಾರ್ಡಾಗಿ ಮಾತ್ರ ಸಿಗುತ್ತಿದ್ದರಿಂದ ಎಂಟನೆಯ ಸ್ಥಾನದಲ್ಲೇ ನಿಂತಿತು. ಆಲ್ಬಂ ಮಾತ್ರ 21 ವಾರ ಮೊದಲ ಸ್ಥಾನದಲ್ಲಿತ್ತು. ವೆನಿಲಾ ಐಸ್‌ನ ‘ಐಸ್ ಐಸ್ ಬೇಬಿ’ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೇರಿದ ಪ್ರಥಮ ರ್‍ಯಾಪ್ ಹಾಡು. ಏರುತ್ತಿದ್ದಂತೆ ಕಂಪನಿ ಸಿಂಗಲ್ಲನ್ನು ಮಾರುಕಟ್ಟೆಯಿಂದ ಹಿಂತೆಗೆದು ಗಿರಾಕಿಯನ್ನು ಆಲ್ಬಂ ಕಡೆಗೆ ತಳ್ಳಿತು.

ದಶಕದ ನಡುವಿಗೆ ಇನ್ನೂ ಜಾಣ ಉಪಾಯ ಹುಟ್ಟಿತು. ಹಾಡನ್ನು ವಾರಗಟ್ಟಲೆ ರೇಡಿಯೊದಲ್ಲಿ ಮಾತ್ರ ನುಡಿಸುವುದು, ಅಂಗಡಿಗೆ ಬಿಡದೆ ಜನರ ಆಸೆ ಕೆರಳಿಸುವುದು, ಆಮೇಲೆ ಒಂದು ದಿನ ಅಗ್ಗದ ಬೆಲೆಗೆ ರಾಶಿ ಸುರಿಯುವುದು. ಕೆಲವು ಸಿಂಗಲ್ಲುಗಳು ಒಂದು ಡಾಲರಿಗೂ ಕಡಿಮೆಗೆ ಬಿಕರಿಯಾದವು. 1958ರಿಂದ 37 ವರ್ಷ ಯಾವ ಹಾಡೂ ಬಂದ ವಾರವೇ ಒಂದನೇ ನಂಬರಿನಲ್ಲಿ ಕಾಣಿಸಿರಲಿಲ್ಲ. 1995ರ ಸೆಪ್ಟೆಂಬರಿನಲ್ಲಿ ಮೈಕೆಲ್ ಜಾಕ್ಸನ್‌ನ ‘ಯು ಆರ್ ನಾಟ್ ಅಲೋನ್’ ಹಾಗೆ ಬಂತು. ಡಿಸೆಂಬರಿನ ಹೊತ್ತಿಗೆ ಮರಾಯಾಳ ‘ಫ್ಯಾಂಟಸಿ’, ವಿಟ್ನಿಯ ‘ಎಕ್ಸೇಲ್’, ‘ಒನ್ ಸ್ವೀಟ್ ಡೇ’ ಸೇರಿ ನಾಲ್ಕಾದವು. ಮೂವತ್ತೇಳು ವರ್ಷ ಆಗದ್ದು ಮೂರು ತಿಂಗಳಲ್ಲಿ ನಾಲ್ಕು ಸಲ ಆದರೆ ಅದು ಪ್ರತಿಭೆಯ ಸ್ಫೋಟವಲ್ಲ, ನಿಯಮದ ಸಂದು ಸಿಕ್ಕ ಸಂಭ್ರಮ.

ಇನ್ನೊಂದು ಕಡೆ ರಾಕ್ ತಂಡಗಳ ಹಿಟ್‌ಗಳು ಸಿಂಗಲ್ಲೇ ಇಲ್ಲದೆ ಗಾಳಿಯಲ್ಲಿ ತೇಲಿದವು. ಗೂ ಗೂ ಡಾಲ್ಸ್‌ರ ‘ಐರಿಸ್’ 1998ರಲ್ಲಿ ಪ್ರಸಾರದ ಪಟ್ಟಿಯಲ್ಲಿ 18 ವಾರ ಮೊದಲಿತ್ತು. ಆ ಡಿಸೆಂಬರ್ 5ರಂದು ಬಿಲ್‌ಬೋರ್ಡ್ ಕೊನೆಗೂ ನಿಯಮ ಸಡಿಲಿಸಿ ಮಾರದ ಹಾಡುಗಳಿಗೂ ಬಾಗಿಲು ತೆರೆಯಿತು. ‘ಐರಿಸ್’ನ ಬಿಸಿ ಆಗಲೇ ಆರತೊಡಗಿತ್ತು, ಒಂಬತ್ತನೆಯ ಸ್ಥಾನ ಮುಟ್ಟಿ ಇಳಿಯಿತು.

ಸಿ.ಡಿ. ದುಬಾರಿಯಾಗಿದ್ದುದಕ್ಕೂ ಸರ್ಕಾರಿ ಸಾಕ್ಷಿಯಿದೆ. 2000ದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಐದು ದೊಡ್ಡ ಕಂಪನಿಗಳು ಜಾಹೀರಾತಿನ ಕನಿಷ್ಠ ಬೆಲೆ ಕಟ್ಟುಪಾಡು ಮಾಡಿ ಅಂಗಡಿಗಳ ಕೈಕಟ್ಟಿದ್ದರಿಂದ ಗ್ರಾಹಕರು ಮೂರು ವರ್ಷಗಳಲ್ಲಿ ಸುಮಾರು 48 ಕೋಟಿ ಡಾಲರ್ ಹೆಚ್ಚಿಗೆ ತೆತ್ತಿರಬಹುದು ಎಂದಿತು. ಅಷ್ಟರಲ್ಲಿ ಅಂತರ್ಜಾಲದಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದು ಒಂದು ವರ್ಷವಾಗುತ್ತಿತ್ತು. ಒಂದೇ ಹಾಡು ಸಾಕು ಎಂದು ಹತ್ತು ವರ್ಷ ಅಂಗಲಾಚಿದ ಗಿರಾಕಿಗೆ ಅದು ಪುಕ್ಕಟೆ ಸಿಕ್ಕಿತ್ತು.

ತಂತ್ರವೇ ಎಲ್ಲ ಎಂದರೆ ಅನ್ಯಾಯವಾದೀತು. ಯಾವ ಲೆಕ್ಕಾಚಾರಕ್ಕೂ ಸಿಗದ ಹಿಟ್‌ಗಳೂ ಇದ್ದವು. 1994ರಲ್ಲಿ ಲೀಸಾ ಲೋಬ್ ಎಂಬ ಕನ್ನಡಕದ ಹುಡುಗಿ ಯಾವ ಕಂಪನಿಯೊಂದಿಗೂ ಒಪ್ಪಂದವಿಲ್ಲದೆ ಒಂದನೇ ನಂಬರು ಮುಟ್ಟಿದಳು. ಪರಿಚಯದ ನಟ ಈಥನ್ ಹಾಕ್ ಅವಳ ಹಾಡನ್ನು ‘ರಿಯಾಲಿಟಿ ಬೈಟ್ಸ್’ ಚಿತ್ರದವರಿಗೆ ಕೇಳಿಸಿದ್ದೇ ನೆಪ. ಸ್ಪೇನಿನ ಸೆವಿಲ್ ಬಳಿಯ ಊರಿನ ಇಬ್ಬರು ನಡುವಯಸ್ಸಿನ ಗಾಯಕರ ‘ಮಕರೇನಾ’ ಮಯಾಮಿಯಲ್ಲಿ ಹೊಸ ಉಡುಪು ತೊಟ್ಟು, ತೆವಳುತ್ತ 33ನೆಯ ವಾರಕ್ಕೆ ಮೇಲೆ ಬಂದು, 14 ವಾರ ಅಲ್ಲೇ ಕುಣಿಯಿತು. 1996ರ ಷಿಕಾಗೊ ಡೆಮಾಕ್ರಟಿಕ್ ಸಮಾವೇಶದಲ್ಲಿ ಕೋಟು ತೊಟ್ಟವರೂ ಅದಕ್ಕೆ ಕೈ ತಿರುಗಿಸಿದರು.

ಆಮೇಲೆ ಸ್ವೀಡನ್. ಮುಂದಿನ ಕಾಲು ಶತಮಾನದ ಪಾಪ್ ಸಂಗೀತದ ಅಚ್ಚು ಬಿದ್ದದ್ದು ನ್ಯೂಯಾರ್ಕಿನಲ್ಲಲ್ಲ, ಸ್ಟಾಕ್‌ಹೋಮಿನ ಷೈರಾನ್ ಸ್ಟುಡಿಯೊದಲ್ಲಿ. ಡೆನಿಜ್ ಪಾಪ್ ಎಂದು ಹೆಸರಿಟ್ಟುಕೊಂಡ ಡಿ.ಜೆ.ಯೊಬ್ಬನಿಗೆ ಏಸ್ ಆಫ್ ಬೇಸ್ ತಂಡ ಡೆಮೊ ಕ್ಯಾಸೆಟ್ ಕಳಿಸಿತ್ತು. ಅದು ಅವನ ಕಾರಿನ ಟೇಪಿನಲ್ಲಿ ಸಿಕ್ಕಿಹಾಕಿಕೊಂಡು ಹೊರಬರದೆ, ದಿನವೂ ಕೇಳಿ ಕೇಳಿ ಅವನಿಗೆ ಹಿಡಿಸಿತು ಎಂಬ ಕಥೆಯನ್ನು ಪಾಪ್ ಲೋಕ ಇಂದಿಗೂ ಪ್ರೀತಿಯಿಂದ ಹೇಳಿಕೊಳ್ಳುತ್ತದೆ. ಆ ತಂಡದ ‘ದ ಸೈನ್’ ಬಿಲ್‌ಬೋರ್ಡಿನ 1994ರ ವರ್ಷದ ಹಾಡಾಯಿತು. ಡೆನಿಜ್ ಕೈಕೆಳಗೆ ಪಳಗಿದ, ಹಿಂದೆ ಮೆಟಲ್ ತಂಡದಲ್ಲಿ ಕಿರುಚುತ್ತಿದ್ದ ಮ್ಯಾಕ್ಸ್ ಮಾರ್ಟಿನ್ ‘ಬೇಬಿ ಒನ್ ಮೋರ್ ಟೈಮ್’ ಬರೆದ. ಟಿ.ಎಲ್.ಸಿ. ತಂಡ ಬೇಡವೆಂದ ಹಾಡು ಬ್ರಿಟ್ನಿ ಸ್ಪಿಯರ್ಸ್ ಎಂಬ ಹದಿಹರೆಯದ ಹುಡುಗಿಯ ಪಾಲಾಗಿ 1999ರ ಜನವರಿಯಲ್ಲಿ ಒಂದನೇ ನಂಬರು ತಲುಪಿತು. 1998ರ ಆಗಸ್ಟಿನಲ್ಲೇ, 35ರ ವಯಸ್ಸಿಗೆ ತೀರಿಕೊಂಡಿದ್ದ ಡೆನಿಜ್ ಅದನ್ನು ನೋಡಲಿಲ್ಲ. ಈ ಹಾಡುಗಳಲ್ಲಿ ಇಂಗ್ಲಿಷ್ ಪದಗಳು ಅರ್ಥಕ್ಕಿಂತ ಹೆಚ್ಚಾಗಿ ರಾಗದ ಮಾತ್ರೆ ತುಂಬಲು ಬಂದಂತಿರುತ್ತವೆ. ದೊಡ್ಡ ದೋಷವೆಂದು ನನಗನ್ನಿಸಿಲ್ಲ. ಟ್ಯೂನಿಗೆ ಮಾತು ಹೊಂದಿಸುವ ಕಷ್ಟಸುಖ ನಮ್ಮ ಸಿನಿಮಾ ಗೀತೆಗಳಿಗೂ ಗೊತ್ತು.

ಬ್ರಿಟನ್ನಿನ ಪಟ್ಟಿ ಮಾರಾಟವನ್ನಷ್ಟೇ ಎಣಿಸುತ್ತಿತ್ತು, ರೇಡಿಯೊಗೆ ಅಲ್ಲಿ ಕಿಮ್ಮತ್ತಿಲ್ಲ. ಅದರಿಂದಲೇ ಅಲ್ಲಿ ವಿಚಿತ್ರ ಅತಿಥಿಗಳು ಬೇಗ ಒಳಗೆ ಬರುತ್ತಿದ್ದರು. 1998ರ ಫೆಬ್ರುವರಿಯಲ್ಲಿ ಒಂದನೇ ನಂಬರು ಹಿಡಿದ ಕಾರ್ನರ್‌ಶಾಪ್ ತಂಡದ ‘ಬ್ರಿಮ್‌ಫುಲ್ ಆಫ್ ಆಶಾ’ ನಮ್ಮ ಆಶಾ ಭೋಸ್ಲೆಯವರಿಗೆ ಸಲ್ಲಿಸಿದ ನಮನ. ಮೂಲ ಹಾಡು ಹಿಂದಿನ ವರ್ಷ 60ನೆಯ ಸ್ಥಾನ ದಾಟಿರಲಿಲ್ಲ. ಡಿ.ಜೆ. ನಾರ್ಮನ್ ಕುಕ್ ವೇಗ ಹೆಚ್ಚಿಸಿ ಮರುಜೋಡಿಸಿದ ಮೇಲೆ ಹಾರಿತು.

1991ರ ಬಳಿಕ ಸ್ಟಾರ್ ಟಿ.ವಿ.ಯ ಎಂ.ಟಿ.ವಿ. ಮೂಲಕ ಇದನ್ನೆಲ್ಲ ಕೇಳಿದ ಬೆಂಗಳೂರು, ಮೈಸೂರಿನ ಹುಡುಗರಿಗೆ ಸಿಂಗಲ್ಲಿನ ಈ ಜಗಳ ತಟ್ಟಲಿಲ್ಲ. ನಮ್ಮಲ್ಲಿ ಸಿಂಗಲ್ ಎಂಬ ಸರಕಿನ ವ್ಯಾಪಾರವೇ ಬೆಳೆಯಲಿಲ್ಲ, ಕೊಂಡರೆ ಇಡೀ ಕ್ಯಾಸೆಟ್ಟನ್ನೇ ಕೊಳ್ಳಬೇಕು. ಹಾಗಾಗಿ ನಮಗೆ ‘ಡೋಂಟ್ ಸ್ಪೀಕ್’, ‘ಐರಿಸ್’, ‘ಒನ್ ಸ್ವೀಟ್ ಡೇ’ ಎಲ್ಲವೂ ಸಮಾನ ಹಿಟ್. ಒಂದರ್ಥದಲ್ಲಿ ನಮ್ಮ ಪಟ್ಟಿಯೇ ಹೆಚ್ಚು ನಿಜವಾಗಿತ್ತು.

ದಶಕದ ಪ್ರತಿ ವರ್ಷವೂ ಒಂದನೇ ನಂಬರು ಕಂಡ ಏಕೈಕ ಗಾಯಕಿ ಮರಾಯಾ ಕ್ಯಾರಿ: 1990ರ ‘ವಿಷನ್ ಆಫ್ ಲವ್’ನಿಂದ 1999ರ ‘ಹಾರ್ಟ್‌ಬ್ರೇಕರ್’ವರೆಗೆ 14 ಹಾಡು. ಅವಳ ಅತಿ ಪ್ರಸಿದ್ಧ ಹಾಡು ಆ ಹದಿನಾಲ್ಕರಲ್ಲಿ ಇಲ್ಲ. ‘ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯು’ ಬಂದದ್ದು 1994ರಲ್ಲಿ. ಅಮೆರಿಕದಲ್ಲಿ ಸಿಂಗಲ್ ಆಗಿ ಮಾರದ ಕಾರಣ ಹಾಟ್ 100ಕ್ಕೆ ಅದು ಇಲ್ಲವೇ ಇಲ್ಲ. ನಿಯಮ ಬದಲಾದ ಮೇಲೆ 2000ದ ಜನವರಿಯಲ್ಲಿ 83ನೆಯ ಸ್ಥಾನದಲ್ಲಿ ಇಣುಕಿತು. ಸ್ಟ್ರೀಮಿಂಗ್ ಎಂಬ ಇನ್ನೊಂದು ತಕ್ಕಡಿ ಬಂದು, ಜನ ಮನೆಯಲ್ಲಿ ಕುಳಿತು ಎಷ್ಟು ಸಲ ಕೇಳಿದರು ಎಂಬುದೂ ಎಣಿಕೆಗೆ ಸೇರಿ, ಹಾಡು ಒಂದನೇ ನಂಬರಾದಾಗ 2019ರ ಡಿಸೆಂಬರ್. ಬಿಡುಗಡೆಯಾಗಿ ಇಪ್ಪತ್ತೈದು ವರ್ಷ ಕಳೆದಿತ್ತು.