ಚಳಿಗಾಲದ ಕಂಬಳಿಯಿಂದ ವರ್ಷವಿಡೀ ಸೂರಿಗೆ

ದೆಹಲಿಯಲ್ಲಿ ಸೂರಿಲ್ಲದವರು ಚಳಿಗೆ ಬಲಿಯಾಗುವುದು ಬಹುಕಾಲ ಹವಾಮಾನದ ಸುದ್ದಿಯಂತೆ ಬಂದು ಹೋಗುತ್ತಿತ್ತು. 2009ರ ಡಿಸೆಂಬರಿನಲ್ಲಂತೂ ಮಹಾನಗರ ಪಾಲಿಕೆಯು ಪೂಸಾ ರಸ್ತೆಯ ತಾತ್ಕಾಲಿಕ ಆಶ್ರಯತಾಣವನ್ನೇ ಕೆಡವಿತು. ಹೈಕೋರ್ಟ್ ಮಧ್ಯೆ ಪ್ರವೇಶಿಸಿತು. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಆಶ್ರಯ ಒದಗಿಸುವಂತೆ ದೆಹಲಿ ಸರ್ಕಾರಕ್ಕೆ ಆದೇಶಿಸಿತು. ಅದೇ ವರ್ಷ ರಚನೆಯಾದ ದೆಹಲಿ ನಗರ ಆಶ್ರಯ ಸುಧಾರಣಾ ಮಂಡಳಿಯ ಹೆಗಲಿಗೆ ಈ ಹೊಣೆ ಬಿತ್ತು.

ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿ ತಂಗಬಹುದಾದ, ವರ್ಷವಿಡೀ ತೆರೆದಿರುವ ಕಾಯಂ ತಾಣ ಇರಬೇಕೆಂದು 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ನಿಗದಿಪಡಿಸಿತು. ಆದರೆ ಲೆಕ್ಕ ಸರಿಹೋದರೆ ಸಾಲದು. ಮಂಡಿಯ ಹಮಾಲಿಯಾಗಲಿ, ರಿಕ್ಷಾ ತುಳಿಯುವವನಾಗಲಿ ಮಲಗುವುದು ದುಡಿಮೆಯ ಪಕ್ಕದಲ್ಲೇ. ದೂರದ ಸೂರಿಗೆ ಹೋದರೆ ಮರುದಿನದ ಕೂಲಿಗೇ ಸಂಚಕಾರ. ಹಾಸಿಗೆಗಳ ಸಂಖ್ಯೆಯಷ್ಟೇ ತಾಣದ ಜಾಗವೂ ಮುಖ್ಯ.