ಎಣ್ಣಿ ಹೊಡೆದವರ ಚರಿತ್ರೆ

ಇಂದೂರಿನಲ್ಲಿ ನಾವು ಕೀಟನಾಶಕಕ್ಕೆ ವಿಷ ಅನ್ನೋದಿಲ್ಲ, ಎಣ್ಣಿ ಅಂತೀವಿ. ಸಾವ್ಕಾರರ ಹೊಲಕ್ಕೆ ಎಣ್ಣಿ ಹೊಡೆದು ಬಂದ ನಮ್ಮ ಅಪ್ಪಂದಿರು ಸಂಜೆ ತಲೆ ಹಿಡಕೊಂಡು ಕಟ್ಟೆ ಮೇಲೆ ಕೂತಿರುತ್ತಿದ್ದರು. 'ಬಿಸಲು ಬಡದೈತಿ' ಅಂತಿದ್ದರು ಅವ್ವಂದಿರು. ಕೇರಿಯಲ್ಲಿ ಅಕ್ಷರ ಕಲಿತ ಮೊದಲ ತಲೆಮಾರು ನಮ್ಮದು. ಡಬ್ಬಿ ಮೇಲಿನ ಬುರುಡೆ ಚಿತ್ರದ ಹತ್ತಿರದ ಸಾಲು ಓದಿದ ದಿನ, ಬಡಿದದ್ದು ಬಿಸಿಲಲ್ಲ ಎಂದು ತಿಳಿಯಿತು.

ರಾಜರಿಗೆ ವಿಷವಿಟ್ಟವರ ಕತೆ ಚರಿತ್ರೆಯ ಪುಸ್ತಕದಲ್ಲಿದೆ. ವಿಷ ತಯಾರಿಸಿದ, ಕಲಸಿದ, ಹೊಡೆದ ಕೈಗಳ ಕತೆ ಅಲ್ಲಿಲ್ಲ.

1958ರಲ್ಲಿ ಹಡಗಿನೊಳಗೆ ಪ್ಯಾರಾಥಿಯಾನ್ ಸೋರಿ ಕೇರಳಕ್ಕೆ ಬರುತ್ತಿದ್ದ ಗೋಧಿಹಿಟ್ಟಿಗೆ ಬೆರೆಯಿತು. ತಿಂದವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು ಬಂದವು. ಕೀಟನಾಶಕ ಕಾರ್ಖಾನೆಯಲ್ಲಿ ದುಡಿಯುವವರಿಗೆ ಮೂರು ತಿಂಗಳಿಗೊಮ್ಮೆ, ಸಿಂಪಡಿಸುವ ಆಳುಗಳಿಗೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಆಗಬೇಕೆಂದು ನಿಯಮ ಹೇಳಿತು. ಪ್ಯಾರಾಥಿಯಾನ್ ಕುಲದ ಮದ್ದು ನರಗಳನ್ನು ಹತೋಟಿಯಲ್ಲಿಡುವ ಕಿಣ್ವವನ್ನೇ ಕಟ್ಟಿಹಾಕುತ್ತದೆ; ಜೊಲ್ಲು, ಬೆವರು, ನಡುಕ, ಕೊನೆಗೆ ಉಸಿರುಗಟ್ಟು. ಅದಕ್ಕೇ ಇವರಿಗೆ ತಿಂಗಳಿಗೊಮ್ಮೆ ರಕ್ತಪರೀಕ್ಷೆ ಎಂದೂ ಬರೆಯಿತು. ನಮ್ಮ ಕೇರಿಗೆ ಸೂಜಿ ಹಿಡಿದು ಯಾರೂ ಬರಲಿಲ್ಲ.

ಕಾರ್ಖಾನೆಯ ಕತೆಯೂ ಬೇರೆಯಲ್ಲ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾಥ್ರಪ್‌ನಲ್ಲಿ ಡಿಬಿಸಿಪಿ ಎಂಬ ಹುಳದ ಮದ್ದು ತಯಾರಿಸುತ್ತಿದ್ದ ಗಂಡಾಳುಗಳು, 'ನಮಗ್ಯಾಕೆ ಮಕ್ಕಳಾಗುತ್ತಿಲ್ಲ' ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಪರೀಕ್ಷೆ ಕೇಳಿದರು. ಹಲವರಲ್ಲಿ ವೀರ್ಯಾಣುವೇ ಇರಲಿಲ್ಲ. ಈ ಮದ್ದಿನಿಂದ ಪ್ರಾಣಿಗಳ ವೃಷಣ ಕುಗ್ಗುತ್ತದೆಂದು 1961ರಲ್ಲೇ ಅಚ್ಚಾಗಿತ್ತು. ಹದಿನಾರು ವರ್ಷ ಆ ಕಾಗದ ಆಳುಗಳ ಕೈಗೆ ಬರಲಿಲ್ಲ.

ನಮ್ಮ ಭಾಷೆಯ ನೆಲ ಕಾಸರಗೋಡಿನಲ್ಲಿ, ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರ್ 2000ದವರೆಗೆ ಎಂಡೋಸಲ್ಫಾನ್ ಸುರಿಯಿತು. ಕೆಳಗೆ ನಿಂತು ಕಲಸಿದವರು ಕೂಲಿಕಾರರು. ತೋಟದ ಬುಡದ ಪಡ್ರೆಯಲ್ಲಿ ಹುಡುಗರಿಗೆ ಪ್ರಾಯ ತಡವಾಗಿ ಬರುತ್ತಿದೆ ಎಂಬ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ 2003ರಲ್ಲಿ ಅಚ್ಚಾಯಿತು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರ ಮೇ 13ರಂದು.

ಗೆಳೆಯರೇ, ಕಾಗದಕ್ಕೆ ಗೊತ್ತಿದ್ದದ್ದು ಮೈಗೆ ಮುಟ್ಟಲಿಲ್ಲ. ಮೈಗೆ ಗೊತ್ತಾದದ್ದು ಕಾಗದಕ್ಕೆ ಹತ್ತಲಿಲ್ಲ. ನಡುವಿನ ಈ ಕೆಲಸ ಓದಿದ ನಮ್ಮದು. ಮಾಸ್ತರರೇ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾರು, ಯಾವತ್ತು, ಯಾರ ಹೊಲಕ್ಕೆ, ಯಾವ ಎಣ್ಣಿ ಹೊಡೆದರು, ರಾತ್ರಿ ಮೈಗೆ ಏನಾಯಿತು. ಆ ನೋಟ್‌ಬುಕ್ಕನ್ನೂ 1971ರ ನಿಯಮವನ್ನೂ ಜೊತೆಗಿಟ್ಟು ರಕ್ತಪರೀಕ್ಷೆ ಕೇಳೋಣ.

'ಬಿಸಲು ಬಡದೈತಿ' ಅನ್ನೋ ಮಾತು ನಮ್ಮ ತಲೆಮಾರಿಗೇ ಮುಗೀಲಿ.